ಮಾಡಿ ಕಲಿಯುವ ವಿದ್ಯೆ: ಹೊಬೋಕನ್‌ನಿಂದ ಹುಬ್ಬಳ್ಳಿಯವರೆಗೆ



ಇವತ್ತಿನ ಮಾತು ಮೆಕ್ಯಾನಿಕಲ್ ಎಂಜಿನಿಯರಿಂಗ್ ಬಗ್ಗೆ. ಕನ್ನಡ ಎಂ.ಎ. ಮಾಡಿ ಮನೆ ನೋಡಿಕೊಂಡಿರುವ ಆಂಟಿಗೆ ಎಂಜಿನಿಯರಿಂಗ್ ಯಾಕೆ ಎಂದು ನಿಮ್ಮಲ್ಲಿ ಕೆಲವರು ಮುಸಿಮುಸಿ ನಗುತ್ತಿರಬಹುದು. ನಗಿ, ಪರವಾಗಿಲ್ಲ. ನಾನು ಸೂತ್ರ, ಸಮೀಕರಣ ಹೇಳಲು ಬಂದಿಲ್ಲ. ಆ ವಿದ್ಯೆಯನ್ನು ಕಾಲಕಾಲಕ್ಕೆ ಹೇಗೆ ಕಲಿಸುತ್ತಾ ಬಂದರು ಎನ್ನುವುದಕ್ಕೂ ಒಂದು ಚರಿತ್ರೆ ಇದೆ. ಆ ಚರಿತ್ರೆಯಲ್ಲಿ ನೀವು ಹುಟ್ಟಿ ಬೆಳೆದ ನ್ಯೂಜೆರ್ಸಿಯೂ ಇದೆ, ನಿಮ್ಮ ಅಜ್ಜಿ ತಾತ ಇರುವ ಕರ್ನಾಟಕವೂ ಇದೆ. ನಿಮ್ಮಲ್ಲಿ ಹಲವರು ಎಂಜಿನಿಯರಿಂಗ್ ಓದುತ್ತಿದ್ದೀರಿ, ಇನ್ನು ಕೆಲವರು ಹೈಸ್ಕೂಲಿನ ರೊಬಾಟಿಕ್ಸ್ ತಂಡದಲ್ಲಿ ಇದ್ದೀರಿ. ಆದ್ದರಿಂದ ಇದು ನಿಮ್ಮದೇ ಕಥೆ.

ಆ ಚರಿತ್ರೆಯ ಉದ್ದಕ್ಕೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಒಂದು ವಸ್ತುವನ್ನು ಯೋಚಿಸಿ ರೂಪಿಸುವುದು ಒಂದು ಕೆಲಸ, ಅದನ್ನು ತಯಾರಿಸುವುದು ಇನ್ನೊಂದು ಕೆಲಸ. ಈ ಎರಡನ್ನೂ ಒಬ್ಬನೇ ವಿದ್ಯಾರ್ಥಿಗೆ ಕಲಿಸುವುದು ಹೇಗೆ?

ಪ್ರಿನ್ಸ್‌ಟನ್ ಜಂಕ್ಷನ್ ನಿಲ್ದಾಣ ಇರುವುದು ನಮ್ಮ ವೆಸ್ಟ್ ವಿಂಡ್ಸರ್‌ನಲ್ಲೇ ಎಂದು ನಿಮಗೆ ಗೊತ್ತು. ನ್ಯೂಯಾರ್ಕ್‌ಗೆ ರೈಲು ಹತ್ತಲು ಹೋದಾಗ ಪ್ಲಾಟ್‌ಫಾರ್ಮಿನಿಂದ ಒಮ್ಮೆ ಹಳಿಯ ಆಕಾರ ನೋಡಿ. ಮೇಲೆ ಚಕ್ರ ಉರುಳುವ ದಪ್ಪ ತಲೆ, ನಡುವೆ ತೆಳು ಸೊಂಟ, ಕೆಳಗೆ ಅಗಲವಾದ ಚಪ್ಪಟೆ ಪಾದ. ಈ ಪಾದವುಳ್ಳ ಹಳಿಯನ್ನು ರೂಪಿಸಿದವನು ನ್ಯೂಜೆರ್ಸಿಯ ರಾಬರ್ಟ್ ಸ್ಟೀವನ್ಸ್. 1830ರಲ್ಲಿ ಅವನು ಕ್ಯಾಮ್ಡನ್ ಆಂಡ್ ಆಂಬಾಯ್ ರೈಲು ಕಂಪನಿಗೆ ಸಾಮಾನು ಕೊಳ್ಳಲು ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದ. ಆ ಕಾಲದ ಇಂಗ್ಲಿಷ್ ಹಳಿಗಳು ತಾವಾಗಿ ನಿಲ್ಲುತ್ತಿರಲಿಲ್ಲ, ಅವನ್ನು ಹಿಡಿದಿಡಲು ಕಬ್ಬಿಣದ ಕುರ್ಚಿಗಳು ಬೇಕಿದ್ದವು. ಅಮೆರಿಕದಲ್ಲಿ ಮರಕ್ಕೆ ಬರವಿರಲಿಲ್ಲ, ಲೋಹದ ಕೆಲಸ ಬಲ್ಲವರು ಮಾತ್ರ ಕಡಿಮೆ. ಸ್ಟೀವನ್ಸ್ ಹಡಗಿನಲ್ಲಿ ಕೂತು ಮರದ ತುಂಡನ್ನು ಕೆತ್ತಿ ಕೆತ್ತಿ, ಕುರ್ಚಿಯೇ ಬೇಡದ ಹಳಿಯ ಮಾದರಿ ಮಾಡಿದ. ಅಗಲ ಪಾದವನ್ನು ದಿಮ್ಮಿಯ ಮೇಲಿಟ್ಟು ಮೊಳೆ ಹೊಡೆದರೆ ಮುಗಿಯಿತು.

ವಿನ್ಯಾಸ ಮುಗಿಯಿತು, ತೊಂದರೆ ಶುರುವಾಯಿತು. ವೇಲ್ಸ್‌ನ ಕಬ್ಬಿಣದ ಕಾರ್ಖಾನೆಯಲ್ಲಿ ಅದನ್ನು ಉರುಳೆಗಳ ನಡುವೆ ಹಾಯಿಸಿ ತೆಗೆದಾಗ ಮೊದಲ ಹಳಿಗಳು ಹಾವಿನಂತೆ ಸೊಟ್ಟಸೊಟ್ಟಗೆ ಹೊರಬಂದವು. ತಲೆ, ಸೊಂಟ, ಪಾದ ಮೂರೂ ಬೇರೆ ಬೇರೆ ದಪ್ಪ. ಆದ್ದರಿಂದ ಅವು ಒಂದೇ ಸಮನೆ ತಣಿಯುವುದಿಲ್ಲ. ಅದನ್ನು ನೇರ ಮಾಡುವ ದಾರಿ ಕಂಡುಕೊಳ್ಳಲು ಕಾರ್ಖಾನೆಯವರು ತುಂಬಾ ಹೆಣಗಬೇಕಾಯಿತು. ಪ್ರಾಡಕ್ಟ್ ಡಿಸೈನ್ ಆಂಡ್ ಮ್ಯಾನುಫ್ಯಾಕ್ಚರಿಂಗ್ ಎಂದು ಇವತ್ತು ಕಾಲೇಜಿನಲ್ಲಿ ಕಲಿಸುವ ವಿಷಯದ ಮೊದಲ ಪಾಠವೇ ಇದು. ಕೆತ್ತಿದ ಮಾದರಿ ಎಷ್ಟೇ ಚೆನ್ನಾಗಿದ್ದರೂ, ಅದನ್ನು ಸಾವಿರಗಟ್ಟಲೆ ತಯಾರಿಸಲು ಬರುತ್ತದೆಯೇ ಎಂದು ಕೇಳದೆ ವಿನ್ಯಾಸ ಪೂರ್ತಿಯಾಗುವುದಿಲ್ಲ.

ಅದೇ ಪ್ರಯಾಣದಲ್ಲಿ ಸ್ಟೀವನ್ಸ್ ಒಂದು ಉಗಿಬಂಡಿಯನ್ನೂ ಕೊಳ್ಳಲು ಏರ್ಪಾಡು ಮಾಡಿದ. ಅದರ ಹೆಸರು ಜಾನ್ ಬುಲ್. 1831ರಲ್ಲಿ ಅದು ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಇಲ್ಲಿಗೆ ಹತ್ತಿರದ ಬಾರ್ಡನ್‌ಟೌನ್‌ಗೆ ಬಂತು. ಜೋಡಿಸುವ ಕ್ರಮ ತೋರಿಸುವ ನಕ್ಷೆ ಜೊತೆಗೆ ಬರಲಿಲ್ಲ. ಐಸಾಕ್ ಡ್ರಿಪ್ಸ್ ಎಂಬ 21 ವರ್ಷದ ಮೆಕ್ಯಾನಿಕ್ ಅದನ್ನು ಜೋಡಿಸಿದ. ಅವನು ಅದುವರೆಗೆ ಒಂದು ರೈಲು ಎಂಜಿನ್ನನ್ನೂ ಕಣ್ಣಾರೆ ಕಂಡಿರಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಜಾನ್ ಬುಲ್ ಓಡಿತು. ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿ ಇಂದಿಗೂ ಅದನ್ನು ನೋಡಬಹುದು.

ಡ್ರಿಪ್ಸ್ ಕಾಲೇಜಿನಲ್ಲಿ ಓದಿ ಬಂದವನಲ್ಲ. ಆ ಕಾಲದಲ್ಲಿ ಮೆಕ್ಯಾನಿಕ್ ಆಗಬೇಕೆಂದವರು ಯಾವುದಾದರೂ ಕಾರ್ಖಾನೆಗೆ ಹುಡುಗನಾಗಿ ಸೇರಿ, ವರ್ಷಗಟ್ಟಲೆ ದೊಡ್ಡವರ ಕೈಕೆಳಗೆ ದುಡಿದು ಕಲಿಯುತ್ತಿದ್ದರು. ಒಂದು ರೀತಿಯಲ್ಲಿ ನಮ್ಮ ಹಳ್ಳಿಗಳಲ್ಲಿ ಕಮ್ಮಾರನ ಮಗ ಕುಲುಮೆಯ ಪಕ್ಕದಲ್ಲಿ ತಿದಿ ಒತ್ತುತ್ತಾ ಕಲಿತ ಹಾಗೆಯೇ. ಈ ಪದ್ಧತಿಯಲ್ಲಿ ಕೈಗೆ ಕಸುಬು ಬರುತ್ತಿತ್ತು. ಆದರೆ ಕಬ್ಬಿಣ ಯಾಕೆ ಬಿರುಕು ಬಿಡುತ್ತದೆ, ಬಾಯ್ಲರ್ ಯಾಕೆ ಸಿಡಿಯುತ್ತದೆ ಎಂಬುದಕ್ಕೆ ಉತ್ತರ ಸಿಗುತ್ತಿರಲಿಲ್ಲ.

ಆ ಉತ್ತರಕ್ಕಾಗಿ ಶಾಲೆ ಬೇಕಾಯಿತು. ಅದೇ ಸ್ಟೀವನ್ಸ್ ಮನೆತನದ ಎಡ್ವಿನ್ ಸ್ಟೀವನ್ಸ್ ಬರೆದಿಟ್ಟ ಉಯಿಲಿನ ಹಣದಿಂದ 1870ರಲ್ಲಿ ಹೊಬೋಕನ್‌ನಲ್ಲಿ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಹುಟ್ಟಿತು. ನಿಮ್ಮಲ್ಲೇ ಕೆಲವರು ಅಲ್ಲಿಗೆ ಅರ್ಜಿ ಹಾಕಿರುತ್ತೀರಿ. ಅಮೆರಿಕದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗನ್ನೇ ಮುಖ್ಯವಾಗಿಟ್ಟುಕೊಂಡು ಶುರುವಾದ ಮೊದಲ ಕಾಲೇಜು ಅದು. ಅಲ್ಲಿನ ಪ್ರೊಫೆಸರ್ ರಾಬರ್ಟ್ ಥರ್ಸ್ಟನ್ ವಿದ್ಯಾರ್ಥಿಗಳಿಗಾಗಿ ಪ್ರಯೋಗಾಲಯ ಕಟ್ಟಿದರು. ಲೋಹವನ್ನು ಎಳೆದು, ತಿರುಚಿ, ಮುರಿದು ಅಳೆಯುವುದನ್ನು ಕಲಿಸಿದರು. ಮೆಕ್ಯಾನಿಕಲ್ ಎಂಜಿನಿಯರುಗಳ ರಾಷ್ಟ್ರೀಯ ಸಂಘವಾದ ಎಎಸ್‌ಎಂಇ 1880ರ ಏಪ್ರಿಲ್‌ನಲ್ಲಿ ವಿಧಿವತ್ತಾಗಿ ಸ್ಥಾಪನೆಯಾಗಿದ್ದು ಅದೇ ಕಾಲೇಜಿನಲ್ಲಿ, ಥರ್ಸ್ಟನ್ನರೇ ಅದರ ಮೊದಲ ಅಧ್ಯಕ್ಷರು.

ಕಾರ್ಖಾನೆಯ ಯಜಮಾನರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಪುಸ್ತಕ ಓದಿದ ಹುಡುಗರಿಗೆ ಲೇತ್ ಮುಂದೆ ನಿಲ್ಲಲು ಬರುತ್ತದೆಯೇ ಎಂದು ಅವರ ಅನುಮಾನ. ಹಾಗಾದರೆ ಕಾರ್ಖಾನೆಯನ್ನೇ ಕಾಲೇಜಿನೊಳಗೆ ತರಬಹುದೇ? ಇದಕ್ಕೊಂದು ದಾರಿ 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಕಾಣಿಸಿತು. ಮಾಸ್ಕೋದ ತಾಂತ್ರಿಕ ಶಾಲೆಯ ವಿಕ್ಟರ್ ಡೆಲ್ಲಾ-ವೋಸ್ ಕೈಕೆಲಸವನ್ನು ಚಿಕ್ಕ ಚಿಕ್ಕ ಅಭ್ಯಾಸಗಳಾಗಿ ಒಡೆದಿದ್ದರು. ಮೊದಲು ಒಂದು ಮೇಲ್ಮೈ ಸಮ ಮಾಡು, ಆಮೇಲೆ ಮೂಲೆ ನೇರ ಮಾಡು, ಆಮೇಲೆ ಎರಡು ತುಂಡು ಕೂರಿಸು. ಒಬ್ಬ ಗುರು ಒಬ್ಬ ಶಿಷ್ಯನಿಗೆ ಹೇಳಿಕೊಡುತ್ತಿದ್ದುದನ್ನು ಹೀಗೆ ಇಡೀ ತರಗತಿಗೆ ಒಟ್ಟಿಗೆ ಹೇಳಿಕೊಡಬಹುದಾಯಿತು. ಎಂಐಟಿಯ ಅಧ್ಯಕ್ಷ ಜಾನ್ ರಂಕಲ್ ಅದನ್ನು ನೋಡಿ ತಮ್ಮಲ್ಲೂ ಜಾರಿಗೆ ತಂದರು.

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದಿದ ನಿಮ್ಮ ಅಪ್ಪನನ್ನೋ ಅಮ್ಮನನ್ನೋ ಇವತ್ತು ರಾತ್ರಿ ಊಟದ ಹೊತ್ತಿಗೆ ಕೇಳಿ ನೋಡಿ: ಫಸ್ಟ್ ಇಯರ್‌ನಲ್ಲಿ ಫಿಟ್ಟಿಂಗ್ ಲ್ಯಾಬ್ ಇತ್ತಾ? ಕಂಪ್ಯೂಟರ್ ಸೈನ್ಸ್ ಓದಿದವರೂ ಆ ಕಥೆ ಹೇಳುತ್ತಾರೆ. ಕಬ್ಬಿಣದ ಚೌಕದ ತುಂಡನ್ನು ವೈಸಿಗೆ ಕಚ್ಚಿಸಿ, ಅಂಗೈ ಬೊಬ್ಬೆ ಏಳುವ ತನಕ ಅರದಿಂದ ಉಜ್ಜಿ, ಎರಡು ತುಂಡುಗಳ ನಡುವೆ ಬೆಳಕು ತೂರದ ಹಾಗೆ ಕೂರಿಸಬೇಕು. ಮಾಸ್ಕೋದ ಆ ಅಭ್ಯಾಸಗಳ ಜಾಡಿನದೇ ಇದೂ. ಇದರಿಂದ ಕೈಗೆ ಅಳತೆಯ ಶಿಸ್ತು ಬರುತ್ತದೆ. ಆದರೆ ಒಂದು ಕೊರತೆ ಉಳಿಯುತ್ತದೆ. ಆ ತುಂಡು ಯಾರಿಗೂ ಬೇಕಾದ ವಸ್ತುವಲ್ಲ. ಮಾರ್ಕ್ಸ್ ಬಂದ ಮೇಲೆ ಅದು ಗುಜರಿಗೆ ಹೋಗುತ್ತದೆ. ಯಾರಿಗಾಗಿ, ಯಾತಕ್ಕಾಗಿ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಇಲ್ಲಿ ಇನ್ನೊಬ್ಬರ ಹೆಸರು ಹೇಳಬೇಕು. ಫ್ರೆಡರಿಕ್ ಟೇಲರ್ ಫಿಲಡೆಲ್ಫಿಯಾದ ಕಾರ್ಖಾನೆಯಲ್ಲಿ ಕೈಕೆಲಸ ಕಲಿತು, ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಲೇ 1883ರಲ್ಲಿ ಸ್ಟೀವನ್ಸ್‌ನಿಂದ ಪದವಿ ಪಡೆದವನು. ಕೈಯೂ ತಲೆಯೂ ಒಂದೇ ಆಳಿನಲ್ಲಿ ಕೂಡಿದ್ದವು. ವಿಚಿತ್ರವೆಂದರೆ ಅವೆರಡನ್ನೂ ಅಧಿಕೃತವಾಗಿ ಬೇರೆ ಮಾಡಿದವನೂ ಅವನೇ. ಯೋಚಿಸುವ ಕೆಲಸವೆಲ್ಲ ಯೋಜನಾ ಕಚೇರಿಗೆ, ಹೇಳಿದ್ದನ್ನು ಮಾಡುವುದು ಕೆಲಸಗಾರನಿಗೆ ಎಂಬುದು ಅವನ ಪದ್ಧತಿಯ ತಿರುಳು. ಇದರಿಂದ ಉತ್ಪಾದನೆ ಏರಿತು. ಮಾಡುವವನ ಅನುಭವ ಮಾತ್ರ ರೂಪಿಸುವವನ ಮೇಜಿಗೆ ತಲುಪುವ ದಾರಿ ಕಿರಿದಾಯಿತು.

ಈಗ ಬೆಂಗಳೂರಿಗೆ ಹೋಗೋಣ. ನಮ್ಮ ನಾಡಿನಲ್ಲಿ ತಲೆ ಮತ್ತು ಕೈಯನ್ನು ಬೇರೆ ಮಾಡಲು ಟೇಲರ್ ಬರಬೇಕಾಗಿರಲಿಲ್ಲ, ಜಾತಿ ಆ ಕೆಲಸವನ್ನು ಎಂದೋ ಮಾಡಿತ್ತು. 12ನೇ ಶತಮಾನದ ವಚನಕಾರರನ್ನು ನೆನೆಯಿರಿ. ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಮಾದಾರ ಚೆನ್ನಯ್ಯ. ದೋಣಿ ನಡೆಸುವ, ಬುಟ್ಟಿ ಹೆಣೆಯುವ, ಚರ್ಮದ ಕೆಲಸ ಮಾಡುವ ಕಾಯಕವೇ ಅವರ ಹೆಸರಿನ ಮುಂದೆ ನಿಂತಿದೆ. ಅಷ್ಟು ದೊಡ್ಡ ಮಾತು ಆಡಿದ ನಾಡಿನಲ್ಲೇ ಮುಂದೆ ಅಕ್ಷರ ಒಂದು ಕೇರಿಯಲ್ಲಿ, ಉಪಕರಣ ಇನ್ನೊಂದು ಕೇರಿಯಲ್ಲಿ ಉಳಿದವು. ಕಬ್ಬಿಣ ಬಲ್ಲವರಿಗೆ ಶಾಲೆ ಇರಲಿಲ್ಲ, ಶಾಲೆಗೆ ಹೋದವರು ಸುತ್ತಿಗೆ ಮುಟ್ಟುತ್ತಿರಲಿಲ್ಲ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನ್ ಪ್ರವಾಸ ಮಾಡಿದ್ದರು. ಶಿಕ್ಷಣ ಮತ್ತು ಕೈಗಾರಿಕೆ ಒಂದನ್ನೊಂದು ಹೇಗೆ ಎತ್ತುತ್ತವೆ ಎನ್ನುವುದು ಅಲ್ಲಿ ಅವರ ಕಣ್ಣಿಗೆ ಬಿದ್ದಿತ್ತು. 1912ರಲ್ಲಿ ಮೈಸೂರಿನ ದಿವಾನರಾದ ಮೇಲೆ ಅವರು 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿದರು. ಸಿವಿಲ್ ಮತ್ತು ಮೆಕ್ಯಾನಿಕಲ್ ಅದರ ಮೊದಲ ವಿಭಾಗಗಳು. ಕೆ.ಆರ್. ಸರ್ಕಲ್ ಬಳಿ ಇರುವ, ಯುವಿಸಿಇ ಎಂದು ಕರೆಯುವ ಕಾಲೇಜು ಅದೇ. ಅದಕ್ಕೆ ಮುಂಚೆ ಮೈಸೂರಿನ ಹುಡುಗರು ಎಂಜಿನಿಯರ್ ಆಗಬೇಕಾದರೆ ಮದ್ರಾಸಿಗೋ ಪೂನಾಕ್ಕೋ ಹೋಗಬೇಕಿತ್ತು. ವಿಶ್ವೇಶ್ವರಯ್ಯನವರೇ ಪೂನಾದಲ್ಲಿ ಓದಿದವರು.

ಆ ಕಾಲದ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಪಾಠ ಹೇಳಿದವರಲ್ಲಿ ಎಸ್.ವಿ. ಸೆಟ್ಟಿ ಎಂಬ ಮೈಸೂರಿನವರಿದ್ದರು. ವಿಮಾನ ಎನ್ನುವುದೇ ಹೊಸತಾಗಿದ್ದ 1911-12ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಎ.ವಿ. ರೋ ಅವರ ಸಂಸ್ಥೆಯಲ್ಲಿ ವಿಮಾನ ಕಟ್ಟುವುದನ್ನೂ ಹಾರಿಸುವುದನ್ನೂ ಕಲಿತು ಬಂದವರು ಅವರು. ವಿನ್ಯಾಸ, ತಯಾರಿ, ಪರೀಕ್ಷೆ ಮೂರನ್ನೂ ಬಲ್ಲ ಮೇಷ್ಟ್ರು. ಆದರೆ 1918ರ ಇನ್‌ಫ್ಲುಯೆಂಜಾ ಮಾರಿ ಅವರನ್ನು ಎಳೆವಯಸ್ಸಿನಲ್ಲೇ ಕೊಂಡೊಯ್ಯಿತು.

ಕಾಲೇಜು ತೆರೆಯಿತು, ಆದರೆ ಒಳಗೆ ಬಂದವರು ಯಾರು? 1918ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗುವಂತೆ ಮಾಡಲು ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಈ ವಿಚಾರದಲ್ಲಿ ಭಿನ್ನಾಭಿಪ್ರಾಯವಿತ್ತು, ಅವರು ದಿವಾನಗಿರಿ ಬಿಟ್ಟ ಹಿನ್ನೆಲೆಯಲ್ಲಿ ಅದೂ ಒಂದು. ಇಬ್ಬರೂ ನಾಡಿನ ಒಳಿತನ್ನೇ ಬಯಸಿದವರು. ಆದರೂ ಇದನ್ನು ಮುಚ್ಚಿಡದೆ ನಿಮಗೆ ಹೇಳಬೇಕು ಎಂದು ನನಗನ್ನಿಸುತ್ತದೆ. ಯಾಕೆಂದರೆ ನಮ್ಮವರು ಬುದ್ಧಿವಂತರು, ಅದಕ್ಕೇ ಎಲ್ಲರೂ ಎಂಜಿನಿಯರಾದರು ಎಂಬ ಮಾತು ನಮ್ಮ ಪಾರ್ಟಿಗಳಲ್ಲಿ ಆಗಾಗ ಕೇಳುತ್ತದೆ. ತಲೆಮಾರುಗಳಿಂದ ಕಬ್ಬಿಣ ಕಾಯಿಸಿದ ಮನೆಯ ಮಕ್ಕಳಿಗೆ ಕಾಲೇಜಿನ ಬಾಗಿಲು ಬಹಳ ತಡವಾಗಿ ತೆರೆಯಿತು ಎಂಬ ಇನ್ನೊಂದು ಅರ್ಧವನ್ನು ಯಾರೂ ಹೇಳುವುದಿಲ್ಲ.

ವಿಶ್ವೇಶ್ವರಯ್ಯನವರೂ ಕೈಕಸುಬನ್ನು ಮರೆಯಲಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾದ ಹಣವನ್ನು ಅವರು ಒಂದು ಕಸುಬಿನ ಶಾಲೆಗೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಶಾಲೆಗೆ ತಮ್ಮ ಹೆಸರು ಬೇಡವೆಂದು ಜಯಚಾಮರಾಜೇಂದ್ರ ಒಡೆಯರ ಹೆಸರಿಡಿಸಿದರು. ಅದೇ ಇಂದಿನ ಎಸ್‌ಜೆ ಪಾಲಿಟೆಕ್ನಿಕ್. ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರಿನಲ್ಲಿ ಯಂತ್ರಗಳನ್ನು ತಯಾರಿಸುವ ಯಂತ್ರಗಳೇ ತಯಾರಾದವು. 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಮೊದಲು ಸ್ವಿಸ್ ಸಹಯೋಗದಲ್ಲಿ ಲೇತ್ ಮಾಡಿತು, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಕೈಗಡಿಯಾರ ಮಾಡಿತು. ನಿಮ್ಮ ತಾತನ ಬೀರುವಿನಲ್ಲಿ ಈಗಲೂ ಒಂದು ಎಚ್‌ಎಂಟಿ ವಾಚ್ ಇದ್ದರೆ ಆಶ್ಚರ್ಯವಿಲ್ಲ. ಕಣ್ಣು ಕಾಣದವರು ಮುಚ್ಚಳ ತೆರೆದು ಬೆರಳಿನಿಂದ ಮುಟ್ಟಿ ಸಮಯ ತಿಳಿಯುವ ಬ್ರೈಲ್ ವಾಚನ್ನೂ ಅವರು ತಯಾರಿಸಿದರು. ಯಾರಿಗಾಗಿ ಎಂದು ಕೇಳಿದಾಗ ಹುಟ್ಟುವ ವಸ್ತು ಅಂಥದ್ದು.

ಇಷ್ಟರಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಗಾಳಿ ಬೇರೆ ಕಡೆ ಬೀಸತೊಡಗಿತ್ತು. ಎರಡನೇ ಮಹಾಯುದ್ಧದಲ್ಲಿ ರೇಡಾರ್, ಅಣುಬಾಂಬು ಮುಂತಾದ ದೊಡ್ಡ ಕೆಲಸಗಳಲ್ಲಿ ಭೌತವಿಜ್ಞಾನಿಗಳು ಮುಂದಿದ್ದರು. ಎಂಜಿನಿಯರುಗಳಿಗೆ ವಿಜ್ಞಾನ ಸಾಲದು ಎಂಬ ಮಾತು ಬಂತು. 1955ರ ಗ್ರಿಂಟರ್ ವರದಿ ಗಣಿತ ಮತ್ತು ವಿಜ್ಞಾನದ ಬುನಾದಿ ಗಟ್ಟಿಯಾಗಬೇಕು ಎಂದಿತು, 1957ರಲ್ಲಿ ರಷ್ಯಾದ ಸ್ಪುಟ್ನಿಕ್ ಹಾರಿದ ಮೇಲಂತೂ ಅದೇ ದಾರಿಯಾಯಿತು. ವರ್ಕ್‌ಶಾಪ್ ಮತ್ತು ಡ್ರಾಯಿಂಗ್ ತರಗತಿಗಳು ಒಂದೊಂದಾಗಿ ಸೊರಗಿದವು. ಸಮೀಕರಣ ಬಿಡಿಸಬಲ್ಲ, ಆದರೆ ಒಂದು ಬೋಲ್ಟ್‌ಗೆ ಸ್ಪ್ಯಾನರ್ ಹಾಕಲು ಜಾಗ ಬಿಡಬೇಕೆಂದು ಹೊಳೆಯದ ಎಂಜಿನಿಯರುಗಳು ಹೊರಬರುತ್ತಿದ್ದಾರೆ ಎಂದು ಕಾರ್ಖಾನೆಗಳು ಮತ್ತೆ ಗೊಣಗಿದವು.

ಮತ್ತೆ ಮಾಡಿ ಕಲಿಯುವ ದಾರಿ ತೆರೆದವರಲ್ಲಿ ಎಂಐಟಿಯ ವುಡಿ ಫ್ಲವರ್ಸ್ ಮುಖ್ಯರು. 1970ರ ದಶಕದಲ್ಲಿ ಅವರು ನಡೆಸಿದ ವಿನ್ಯಾಸದ ಕೋರ್ಸಿನಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದೇ ಬಗೆಯ ಚೂರುಪಾರು ಸಾಮಾನಿನ ಚೀಲ ಸಿಗುತ್ತಿತ್ತು. ಅದರಿಂದಲೇ ಒಂದು ಯಂತ್ರ ಕಟ್ಟಿ, ಕೊನೆಗೆ ಎಲ್ಲರೆದುರು ಸ್ಪರ್ಧೆಗೆ ಇಳಿಸಬೇಕು. ಅದೇ ಕಲ್ಪನೆ ಹೈಸ್ಕೂಲಿಗೆ ಬಂದಿದ್ದು ಹೀಗೆ: ಡೀನ್ ಕೇಮನ್ 1989ರಲ್ಲಿ ಫಸ್ಟ್ ಎಂಬ ಸಂಸ್ಥೆ ಕಟ್ಟಿದರು, ಫ್ಲವರ್ಸ್ ಕೈಜೋಡಿಸಿದರು, 1992ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಒಂದು ಶಾಲೆಯ ಜಿಮ್‌ನಲ್ಲಿ 28 ತಂಡಗಳೊಂದಿಗೆ ಮೊದಲ ರೊಬಾಟ್ ಸ್ಪರ್ಧೆ ನಡೆಯಿತು. ಜನವರಿ ಬಂತೆಂದರೆ ನಮ್ಮ ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೊ ಮಕ್ಕಳು ರಾತ್ರಿ ಊಟ ಮರೆತು ರೊಬಾಟ್ ಕಟ್ಟುತ್ತಾರಲ್ಲ, ಅದರ ಬೇರು ಇಲ್ಲಿದೆ.

ಅದೇ ಹೊತ್ತಿಗೆ ಜೆಫ್ರಿ ಬೂತ್‌ರಾಯ್ಡ್ ಮತ್ತು ಪೀಟರ್ ಡ್ಯೂಹರ್ಸ್ಟ್ ಎಂಬ ಪ್ರೊಫೆಸರುಗಳು ವಿನ್ಯಾಸಕಾರರಿಗೆ ಮೂರು ಸರಳ ಪ್ರಶ್ನೆಗಳನ್ನು ಕೊಟ್ಟರು. ಯಂತ್ರದ ಪ್ರತಿ ಭಾಗದ ಬಗ್ಗೆಯೂ ಕೇಳಿ: ಇದು ಪಕ್ಕದ ಭಾಗಕ್ಕಿಂತ ಬೇರೆಯಾಗಿ ಚಲಿಸಬೇಕೇ? ಇದು ಬೇರೆ ಲೋಹ ಅಥವಾ ಬೇರೆ ವಸ್ತುವಿನದೇ ಆಗಬೇಕೇ? ಜೋಡಿಸಲು ಬಿಚ್ಚಲು ಇದು ಬೇರೆ ಇರಲೇಬೇಕೇ? ಮೂರಕ್ಕೂ ಇಲ್ಲ ಎಂದಾದರೆ ಆ ಭಾಗವನ್ನು ಪಕ್ಕದ್ದರೊಂದಿಗೆ ಒಂದು ಮಾಡಬಹುದು. ನಿಮ್ಮ ರೊಬಾಟ್ ಮೇಲೆ ಇದನ್ನು ಪ್ರಯೋಗಿಸಿ ನೋಡಿ, ಎಷ್ಟು ಸ್ಕ್ರೂ ಉಳಿಯುತ್ತವೆ ಎಂದು ನಿಮಗೇ ಗೊತ್ತಾಗುತ್ತದೆ.

ಕರ್ನಾಟಕದಲ್ಲೂ ಇಂಥ ತಿರುವು ಬಂತು, ಅದು ಬಂದಿದ್ದು ಅಡುಗೆಮನೆಯ ಮೂಲಕ. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎ.ಕೆ.ಎನ್. ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ರೂಪಿಸುವುದು ಅದರ ಗುರಿ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಅವರ ವಿಸ್ತರಣಾ ಕೇಂದ್ರವಿತ್ತು. ಅಲ್ಲಿನ ಕೆಲಸದಲ್ಲಿ ಬೆಳೆದದ್ದು ಅಸ್ತ್ರ ಒಲೆ. ಮಣ್ಣಿನ ಒಲೆ, ಮೂರು ಪಾತ್ರೆಗೆ ಜಾಗ, ಹೊಗೆ ಹೋಗಲು ಕೊಳವೆ. ಸೌದೆ ಉಳಿಯಿತು, ಹೊಗೆ ಮನೆಯಿಂದಾಚೆ ಹೋಯಿತು. ಬೆಂಕಿ ಊದಿ ಊದಿ ಕಣ್ಣು ಕೆಂಪಾದ ಹೆಂಗಸರ ಸಂಕಟವೇ ಇಲ್ಲಿ ವಿನ್ಯಾಸದ ಮೊದಲ ಸಾಲು. ತಯಾರಿಯ ಪಾಠವೂ ಇದರಲ್ಲಿತ್ತು. ಮಣ್ಣಿನ ಒಲೆಯ ದಾರಿಗಳ ಅಳತೆ ಸ್ವಲ್ಪ ತಪ್ಪಿದರೂ ಗಾಳಿ ಸರಿಯಾಗಿ ಎಳೆಯುವುದಿಲ್ಲ. ಹಾಗಾಗಿ ಒಲೆಯನ್ನು ರೂಪಿಸಿದರೆ ಸಾಲದು, ಊರೂರಲ್ಲಿ ಅದನ್ನು ಕಟ್ಟುವವರನ್ನೂ ತಯಾರು ಮಾಡಬೇಕಾಯಿತು. ವೇಲ್ಸ್‌ನಲ್ಲಿ ಹಳಿ ಸೊಟ್ಟಗಾದಾಗ ಸ್ಟೀವನ್ಸ್ ಎದುರಿಸಿದ್ದೂ ಇದೇ ಕಷ್ಟವನ್ನು.

ಅದೇ ಸಂಸ್ಥೆಯಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಪ್ರಾಡಕ್ಟ್ ಡಿಸೈನ್ ಮತ್ತು ಮ್ಯಾನುಫ್ಯಾಕ್ಚರಿಂಗ್‌ಗೆಂದೇ ಒಂದು ಕೇಂದ್ರ ಬಂತು. ಎಂಜಿನಿಯರಿಂಗ್ ಮುಗಿಸಿದವರು ಅಲ್ಲಿ ಮಾಸ್ಟರ್ ಆಫ್ ಡಿಸೈನ್ ಓದಬಹುದು. ಬಳಸುವವರನ್ನು ಗಮನಿಸುವುದು, ಮಾದರಿ ಕಟ್ಟುವುದು, ತಿದ್ದುವುದು, ತಯಾರಿಕೆಯ ವೆಚ್ಚ ಲೆಕ್ಕ ಹಾಕುವುದು ಇವೆಲ್ಲ ಅಲ್ಲಿ ಪಾಠ. ಇನ್ನು ಹುಬ್ಬಳ್ಳಿಯಲ್ಲಿ 1947ರಲ್ಲಿ ಆರಂಭವಾದ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಅಲ್ಲಿ ಮೊದಲ ವರ್ಷದಲ್ಲೇ 'ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್' ಎಂಬ ಕೋರ್ಸ್ ಇದೆ. ಬೇರೆ ಬೇರೆ ವಿಭಾಗದವರು ಗುಂಪಾಗಿ ಕೂತು, ಒಂದು ನಿಜವಾದ ಅಗತ್ಯ ಹುಡುಕಿ, ಅದಕ್ಕೊಂದು ವಸ್ತು ಕಟ್ಟುತ್ತಾರೆ. ಅರದಿಂದ ಉಜ್ಜಿ ಗುಜರಿಗೆ ಹಾಕುತ್ತಿದ್ದ ಚೌಕದ ತುಂಡಿನಿಂದ ಇಲ್ಲಿಗೆ ಬರಲು ನೂರಕ್ಕೂ ಹೆಚ್ಚು ವರ್ಷ ಬೇಕಾದವು.

ಇಷ್ಟು ದೂರ ನಿಮ್ಮನ್ನು ಕರೆದುಕೊಂಡು ಬಂದ ಉದ್ದೇಶ ಹೇಳುತ್ತೇನೆ. ಈಗ ನಿಮ್ಮ ಕೈಯಲ್ಲಿ ಕಂಪ್ಯೂಟರಿನ ನಕ್ಷೆ ಇದೆ, ತ್ರೀಡಿ ಪ್ರಿಂಟರ್ ಇದೆ. ಗುಂಡಿ ಒತ್ತಿದರೆ ವಸ್ತು ಬರುತ್ತದೆ. ತಲೆ ಮತ್ತು ಕೈ ಬೇರೆಯಾಗುವ ಅಪಾಯ ಈಗ ಹಿಂದಿಗಿಂತ ಹೆಚ್ಚು. ನಮ್ಮ ಮನೆಗಳಲ್ಲೂ ಅದು ಇದೆ. ಸಿಂಕ್ ಸೋರಿದರೆ ಪ್ಲಂಬರನ್ನು ಕರೆಯುತ್ತೇವೆ, ಅವನು ಕೆಲಸ ಮಾಡುವಾಗ ಮಕ್ಕಳನ್ನು 'ಹೋಗಿ ಓದಿಕೊಳ್ಳಿ' ಎಂದು ಮೇಲಿನ ಕೋಣೆಗೆ ಕಳಿಸುತ್ತೇವೆ. ಅವನ ಪಕ್ಕದಲ್ಲಿ ಹದಿನೈದು ನಿಮಿಷ ನಿಂತು ನೋಡುವುದೂ ಓದೇ. ನಾಳೆ ನೀವು ಎಂಜಿನಿಯರಾಗಿ ಒಂದು ವಸ್ತು ರೂಪಿಸಿದಾಗ ಅದನ್ನು ತಯಾರಿಸುವವರ, ರಿಪೇರಿ ಮಾಡುವವರ, ಬಳಸುವವರ ಮಾತು ಕೇಳುವ ಅಭ್ಯಾಸ ಇಂಥಲ್ಲಿಂದಲೇ ಶುರುವಾಗಬೇಕು. ಕೈಯಿಂದ ಕೆಲಸ ಮಾಡುವವರು ನಮಗಿಂತ ಕಡಿಮೆಯವರು ಎಂಬ ಹಳೆಯ ಲೆಕ್ಕವನ್ನು ನಮ್ಮ ಸೂಟ್‌ಕೇಸಿನಲ್ಲಿ ಅಮೆರಿಕಕ್ಕೂ ತಂದಿದ್ದೇವೆ. ಅದನ್ನು ಮುಂದಕ್ಕೆ ಒಯ್ಯಬೇಕೋ ಬೇಡವೋ ಎನ್ನುವುದು ನಿಮ್ಮ ತಲೆಮಾರಿಗೆ ಬಿಟ್ಟದ್ದು.

ಮುಂದಿನ ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಮಾಲ್ ಸುತ್ತುವುದರ ನಡುವೆ ಒಂದು ದಿನ ಬಿಡುವು ಮಾಡಿಕೊಳ್ಳಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡಿ, ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್ ನೋಡಿ. ಊರಿನ ಕಡೆ ಇನ್ನೂ ಉರಿಯುತ್ತಿರುವ ಕುಲುಮೆ ಸಿಕ್ಕಿದರೆ ಅಲ್ಲಿ ಕೂತು, 'ಮಾಮಾ, ಈ ಕುಡುಗೋಲಿಗೆ ಇಷ್ಟೇ ಬಾಗು ಯಾಕೆ?' ಎಂದು ಕನ್ನಡದಲ್ಲೇ ಕೇಳಿ. ಅವರು ಹೇಳುವ ಉತ್ತರದಲ್ಲಿ ನಿಮ್ಮ ಕಾಲೇಜಿನ ಒಂದಿಡೀ ಅಧ್ಯಾಯ ಇರುತ್ತದೆ. ಅಲ್ಲಿ ಕೇಳಿದ್ದನ್ನು ಬರೆದು ನಮ್ಮ ಬಾನುಲಿಗೆ ಕಳಿಸಿದರೆ ಮುಂದಿನ ಸಲ ಈ ಮೈಕಿನ ಮುಂದೆ ನಿಮ್ಮನ್ನೇ ಕೂರಿಸುತ್ತೇವೆ.